ನಿವೃತ್ತರಿಗೆ ತಿಂಗಳ ಆದಾಯ ಯೋಜಿಸಿಕೊಡುವ ವೃತ್ತಿ: ಪರೀಕ್ಷೆ ಯಾವುದು, ನಿಜವಾದ ಕೆಲಸ ಏನು?

ತುಂಗಾತೀರ:
ಬಿ.ಕಾಂ ಆಗಿದೆ, ವಯಸ್ಸು 34. ಶಿವಮೊಗ್ಗದ ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರದ ಕೆಲಸ. ನಿವೃತ್ತರಾದವರಿಗೆ ಪಿಎಫ್, ಗ್ರಾಚ್ಯುಟಿ ದುಡ್ಡಿನಿಂದ ತಿಂಗಳಾ ತಿಂಗಳಾ ಆದಾಯ ಬರುವ ಹಾಗೆ ಯೋಜನೆ ಮಾಡಿಕೊಡುವುದನ್ನೇ ವೃತ್ತಿ ಮಾಡಿಕೊಳ್ಳಬೇಕೆಂದಿದ್ದೇನೆ. ಯಾವ ಪರೀಕ್ಷೆ ಬರೆಯಬೇಕು? ಈಗಿನ ಕೆಲಸ ಬಿಡದೆ ಶುರು ಮಾಡಬಹುದಾ? ಒಬ್ಬರ ಯೋಜನೆ ಅಂದರೆ ಕೂತು ಏನೇನು ಲೆಕ್ಕ ಹಾಕಬೇಕು? ಈ ಕೆಲಸದಲ್ಲಿ ಇರುವವರು ದಯವಿಟ್ಟು ವಿವರವಾಗಿ ತಿಳಿಸಿ.

ಅಸಲು_ಬಡ್ಡಿ:
ಮೊದಲು ದಾರಿ ಆರಿಸಿಕೊಳ್ಳಿ ಸರ್, ಪರೀಕ್ಷೆ ಆಮೇಲೆ.

ಕಮಿಷನ್ ದಾರಿ ಹಿಡಿದರೆ ಮ್ಯೂಚುವಲ್ ಫಂಡ್ ವಿತರಕರಾಗುತ್ತೀರಿ. ಎನ್‌ಐಎಸ್‌ಎಂ (ಷೇರುಪೇಟೆ ವೃತ್ತಿಪರರ ಪರೀಕ್ಷೆ ನಡೆಸುವ ಸಂಸ್ಥೆ) ಸೀರೀಸ್ 5-ಎ ಪರೀಕ್ಷೆಯಲ್ಲಿ 50% ಬಂದರೆ ಪಾಸು, ನೆಗೆಟಿವ್ ಅಂಕ ಇಲ್ಲ. ನಂತರ ಮ್ಯೂಚುವಲ್ ಫಂಡ್ ಕಂಪನಿಗಳ ಸಂಘವಾದ ಆಂಫಿಯಿಂದ ವಿತರಕರ ನೋಂದಣಿ ಸಂಖ್ಯೆಯಾದ ಎಆರ್‌ಎನ್ ನಂಬರ್ ಪಡೆಯಬೇಕು. ಆದರೆ ಸಲಹೆಗೆ ಅಂತ ಪ್ರತ್ಯೇಕ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ.

ಶುಲ್ಕದ ದಾರಿ ಅಂದರೆ ಸೆಬಿ (ಷೇರುಪೇಟೆ ನಿಯಂತ್ರಕ ಸಂಸ್ಥೆ) ನೋಂದಾಯಿತ ಹೂಡಿಕೆ ಸಲಹೆಗಾರ, ಆರ್‌ಐಎ. ಸೀರೀಸ್ 10-ಎ ಮತ್ತು 10-ಬಿ ಎರಡೂ ಪಾಸಾಗಬೇಕು. 60% ಬೇಕು, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಅನುಭವ ಇರಲೇಬೇಕೆಂಬ ಷರತ್ತನ್ನು 2024ರ ಡಿಸೆಂಬರ್‌ನಲ್ಲಿ ತೆಗೆದರು. ನಿವ್ವಳ ಆಸ್ತಿ ತೋರಿಸುವ ಬದಲು ಈಗ ಠೇವಣಿ ಇಟ್ಟರಾಯಿತು, 150 ಗ್ರಾಹಕರವರೆಗೆ 1 ಲಕ್ಷ ರೂಪಾಯಿ. ನಿಗದಿತ ಶುಲ್ಕವಾದರೆ ಒಂದು ಕುಟುಂಬದಿಂದ ವರ್ಷಕ್ಕೆ 1.51 ಲಕ್ಷ ಮೀರುವಂತಿಲ್ಲ. ವ್ಯಕ್ತಿಯಾಗಿ ಆರ್‌ಐಎ ಆದ ಮೇಲೆ ಕಮಿಷನ್ ವ್ಯವಹಾರ ಪೂರ್ತಿ ಬಿಡಬೇಕು.

ಅರೆಕಾಲಿಕ ಸಲಹೆಗಾರರಿಗೂ ಈಗ ಅವಕಾಶ ಇದೆ, 75 ಗ್ರಾಹಕರವರೆಗೆ. ಆದರೆ ಇನ್ನೊಂದು ಕೆಲಸದಲ್ಲಿ ಜನರ ಹಣ ನಿಭಾಯಿಸುವುದಾಗಲಿ, ಹೂಡಿಕೆಗೆ ಶಿಫಾರಸು ಮಾಡುವುದಾಗಲಿ ಇರಬಾರದು. ಕಾಲೇಜು ಉಪನ್ಯಾಸಕರಿಗೆ ಇದು ಸರಿಹೋಗುತ್ತದೆ. ಠೇವಣಿ ತೆಗೆದುಕೊಳ್ಳುವ ಸಂಘದಲ್ಲಿರುವ ನಿಮಗೆ ಕಷ್ಟ. ಅರ್ಜಿ ಹಾಕುವ ಮೊದಲೇ ಇದನ್ನು ಬಗೆಹರಿಸಿಕೊಳ್ಳಿ.

ಆದಾಯದ ಅಂದಾಜು ಬೇಕಾದರೆ ಹೀಗೆ ನೋಡಿ: ವರ್ಷಕ್ಕೆ 15,000ದಂತೆ 60 ಕುಟುಂಬ ಅಂದರೆ 9 ಲಕ್ಷ. ಅದರಲ್ಲಿ ವಾರ್ಷಿಕ ಕಂಪ್ಲಯನ್ಸ್ ಆಡಿಟ್, ಸಾಫ್ಟ್‌ವೇರ್, ಕಚೇರಿ ಖರ್ಚು ಕಳೆಯಬೇಕು. 60 ಕುಟುಂಬ ಮೊದಲ ವರ್ಷಕ್ಕೇ ಬರುವುದಿಲ್ಲ. ಎರಡು ವರ್ಷದ ಮನೆಖರ್ಚು ಕೈಯಲ್ಲಿಟ್ಟುಕೊಂಡು ಇಳಿಯಿರಿ.

ಲೆಕ್ಕದ_ಪುಸ್ತಕ:
ಕೂತು ಮಾಡುವ ಲೆಕ್ಕದ ಬಗ್ಗೆ ಕೇಳಿದ್ದೀರಿ, ಒಂದು ಉದಾಹರಣೆ ಬಿಡಿಸಿ ಬರೆಯುತ್ತೇನೆ.

ಗಂಡನಿಗೆ 60, ಹೆಂಡತಿಗೆ 57. ಕೈಯಲ್ಲಿ 80 ಲಕ್ಷ. ತಿಂಗಳ ಖರ್ಚು 50,000, ಪಿಂಚಣಿ ಇಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಗಂಡನ ಹೆಸರಿಗೆ ಗರಿಷ್ಠ 30 ಲಕ್ಷ ಇಟ್ಟರೆ 8.2% ದರದಲ್ಲಿ ಮೂರು ತಿಂಗಳಿಗೊಮ್ಮೆ 61,500, ಅಂದರೆ ತಿಂಗಳಿಗೆ 20,500. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಜಂಟಿಯಾಗಿ 15 ಲಕ್ಷ ಇಟ್ಟರೆ 7.4%ರಂತೆ 9,250. ಎರಡೂ ಸೇರಿ 29,750. ಇನ್ನೂ 20,250 ಕಡಿಮೆ ಬಿತ್ತು. ಉಳಿದ 35 ಲಕ್ಷದಲ್ಲಿ 5 ಲಕ್ಷ ಆಸ್ಪತ್ರೆಗೆಂದು ಬದಿಗಿಟ್ಟರೆ, ಈ ಕೊರತೆ ತುಂಬಬೇಕಾದ್ದು 30 ಲಕ್ಷ.

ಮೊದಲ ವರ್ಷಕ್ಕೆ ಬೇಕಾದ್ದು 2.43 ಲಕ್ಷ, ಆರಾಮ ಅನಿಸುತ್ತದೆ. ಆದರೆ 29,750 ಬೆಳೆಯುವುದಿಲ್ಲ, ಖರ್ಚು ಬೆಳೆಯುತ್ತದೆ. ಬೆಲೆಯೇರಿಕೆ 6% ಹಿಡಿದರೆ ಆರನೇ ವರ್ಷಕ್ಕೆ ಮನೆಖರ್ಚು ಸುಮಾರು 66,900, ಕೊರತೆ ತಿಂಗಳಿಗೆ 37,000 ದಾಟುತ್ತದೆ. ಆ 30 ಲಕ್ಷ ವರ್ಷಕ್ಕೆ 9% ಬೆಳೆದರೂ ಹನ್ನೊಂದನೇ ವರ್ಷದಲ್ಲಿ ಖಾಲಿ. ಆಗ ಹೆಂಡತಿಗೆ ಬರೀ 68. ಅಲ್ಲಿಂದ ಮುಂದೆ ಅಂಚೆ ಕಚೇರಿಯ ಅಸಲಿಗೇ ಕೈ ಹಾಕಬೇಕು.

ವರ್ಷವಾರು ಈ ಲೆಕ್ಕದ ಕೋಷ್ಟಕವನ್ನು ಇಬ್ಬರನ್ನೂ ಕೂರಿಸಿಕೊಂಡು ತೋರಿಸುವುದೇ ಈ ವೃತ್ತಿಯ ಮುಖ್ಯ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವ ಫಂಡ್ ಎಂಬುದು ಆಮೇಲಿನ ಮಾತು. ನಮ್ಮ ಕಡೆ ಬಹಳ ಮನೆಗಳಲ್ಲಿ ಖಾಲಿ ಸೈಟೊಂದು ಇರುತ್ತದೆ, ಮಗನಿಗೆ ಅಂತ ಇಟ್ಟದ್ದು. ಅದನ್ನು ಮಾರುವುದೋ, ಖರ್ಚು 42,000ಕ್ಕೆ ಇಳಿಸುವುದೋ ಎಂಬ ನಿರ್ಧಾರ 60ರಲ್ಲೇ ಆಗಬೇಕು. 71ರಲ್ಲಿ ಅವಸರಕ್ಕೆ ಮಾರಿದರೆ ಕೇಳಿದ ಬೆಲೆ ಸಿಗುವುದಿಲ್ಲ.

ಇನ್ನೊಂದು ಮಾತು. ಕೊರತೆ ತುಂಬುವ 30 ಲಕ್ಷವನ್ನೂ ಈಕ್ವಿಟಿಗೆ, ಅಂದರೆ ಷೇರು ಫಂಡಿಗೆ, ಹಾಕಿ ಪ್ರತಿ ತಿಂಗಳು ಇಂತಿಷ್ಟು ಹಣ ತೆಗೆಯುವ ಎಸ್‌ಡಬ್ಲ್ಯೂಪಿ ಹಚ್ಚಬೇಡಿ. ಮೊದಲ ಎರಡು ವರ್ಷದಲ್ಲೇ ಮಾರುಕಟ್ಟೆ ಬಿದ್ದರೆ ಅಷ್ಟೇ ಹಣಕ್ಕೆ ಹೆಚ್ಚು ಯೂನಿಟ್ ಮಾರಬೇಕಾಗುತ್ತದೆ. ಆಮೇಲೆ ಮಾರುಕಟ್ಟೆ ಏರಿದರೂ ಏರಲು ಯೂನಿಟ್ಟೇ ಉಳಿದಿರುವುದಿಲ್ಲ. ಮೂರು ವರ್ಷದ ಕೊರತೆಯಷ್ಟು, ಇಲ್ಲಿ ಸುಮಾರು 8.4 ಲಕ್ಷ, ಎಫ್‌ಡಿ ಅಥವಾ ಬೇಗ ಹಣ ತೆಗೆಯಬಹುದಾದ ಲಿಕ್ವಿಡ್ ಫಂಡ್‌ನಲ್ಲಿರಲಿ.

ತುಂಗಾತೀರ:
ಬಹಳ ಉಪಯೋಗವಾಯಿತು ಸರ್. ಹೊಸಬರು ಎಲ್ಲಿ ಎಡವುತ್ತಾರೆ?

ಕಾವಲು_ದೀಪ:
ದಿನಾಂಕಗಳಲ್ಲಿ. ಏಪ್ರಿಲ್ 30ಕ್ಕೆ ನಿವೃತ್ತಿ, ದುಡ್ಡು ಕೈಗೆ ಬಂದು ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಖಾತೆ ತೆರೆದದ್ದು ಜೂನ್ ಮಧ್ಯಕ್ಕೆ ಅಂದುಕೊಳ್ಳಿ. ಬಡ್ಡಿ ಬರುವುದು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಒಂದನೇ ತಾರೀಖು. ಜುಲೈ 1ಕ್ಕೆ ಹದಿನೈದು ದಿನದ್ದು, ಹತ್ತು ಸಾವಿರದ ಆಸುಪಾಸು. ಪೂರ್ತಿ 61,500 ಸಿಗುವುದು ಅಕ್ಟೋಬರ್ 1ಕ್ಕೆ. ಸಂಬಳ ನಿಂತು ಐದು ತಿಂಗಳು ಆಗಿರುತ್ತದೆ! ಆರು ತಿಂಗಳ ಖರ್ಚು ಉಳಿತಾಯ ಖಾತೆಯಲ್ಲಿ ಬಿಟ್ಟೇ ಉಳಿದದ್ದನ್ನು ಹೂಡಬೇಕು. ಬಡ್ಡಿಯನ್ನು ಉಳಿತಾಯ ಖಾತೆಗೆ ಜಮಾ ಮಾಡುವ ಕೋರಿಕೆ ಖಾತೆ ತೆರೆದ ದಿನವೇ ಕೊಡಿಸಿ. ತೆಗೆಯದೆ ಬಿಟ್ಟ ಬಡ್ಡಿಗೆ ಮತ್ತೆ ಬಡ್ಡಿ ಇಲ್ಲ.

55 ತುಂಬಿ 60 ಆಗುವ ಮೊದಲೇ ನಿವೃತ್ತರಾದವರು ನಿವೃತ್ತಿ ಹಣ ಕೈಸೇರಿದ ಮೂರು ತಿಂಗಳೊಳಗೆ ಈ ಖಾತೆ ತೆರೆಯಬೇಕು. ತಪ್ಪಿದರೆ 60 ತುಂಬುವವರೆಗೆ ಕಾಯಬೇಕು. ವರ್ಷದೊಳಗೆ ಮುಚ್ಚಿದರೆ ಕೊಟ್ಟ ಬಡ್ಡಿಯನ್ನು ಅಸಲಿನಿಂದ ಹಿಡಿಯುತ್ತಾರೆ. ಎರಡನೇ ವರ್ಷದಲ್ಲಾದರೆ ಅಸಲಿನ 1.5%, ಅಲ್ಲಿಂದಾಚೆ 1% ಕಡಿತ. ಹಾಗಾಗಿ ಮಗಳ ಮದುವೆ ದುಡ್ಡು ಇದರಲ್ಲಿ ಇಡಿಸಬೇಡಿ.

ಆನ್ಯುಟಿ (ಒಮ್ಮೆ ಹಣ ಕಟ್ಟಿ ಜೀವನಪೂರ್ತಿ ಪಿಂಚಣಿ ಪಡೆಯುವ ವಿಮಾ ಯೋಜನೆ) ಕೊಡಿಸುವಾಗ ಪಿಂಚಣಿ ಮೊತ್ತ ದೊಡ್ಡದು ಕಾಣುತ್ತದೆಂದು ಗಂಡನ ಜೀವಕ್ಕೆ ಮಾತ್ರದ ಆಯ್ಕೆ ಹಾಕಿಸಿದರೆ, ಅವರ ನಂತರ ಹೆಂಡತಿಗೆ ಒಂದು ರೂಪಾಯಿಯೂ ಇಲ್ಲ. ಆಮೇಲೆ ಆಯ್ಕೆ ಬದಲಿಸಲೂ ಆಗುವುದಿಲ್ಲ. ಸಹಿ ಹಾಕುವ ದಿನ ಹೆಂಡತಿಯೂ ಎದುರಿಗಿರಲಿ.

ಜೀವಂತ ಪ್ರಮಾಣಪತ್ರ ಸರ್ಕಾರಿ ಪಿಂಚಣಿದಾರರಿಗೆ ನವೆಂಬರ್. ಪಿಎಫ್ ಜೊತೆಗಿನ ಪಿಂಚಣಿ ಯೋಜನೆಯಾದ ಇಪಿಎಸ್‌ನವರಿಗೆ ಕೊಟ್ಟ ದಿನದಿಂದ 12 ತಿಂಗಳು, ಪ್ರತಿಯೊಬ್ಬರ ತಾರೀಖೂ ಬೇರೆ. ಗ್ರಾಹಕರ ಹೆಸರು, ಬಡ್ಡಿ ದಿನ, ಆರೋಗ್ಯ ವಿಮೆ ಪ್ರೀಮಿಯಂ ದಿನ, ಪ್ರಮಾಣಪತ್ರದ ದಿನ ಈ ನಾಲ್ಕು ಕಾಲಂ ಇರುವ ಶೀಟ್ ಮಾಡಿಕೊಳ್ಳಿ, ಪ್ರತಿ ಸೋಮವಾರ ಬೆಳಿಗ್ಗೆ ಅದನ್ನೇ ಮೊದಲು ತೆರೆಯಿರಿ.