ಅಪ್‌ಡೇಟ್: ವನುವಾಟುಗೆ ಚರ್ಚ್ ಕಟ್ಟಲು ಹೋಗಿ ಬಂದೆ

ಗಾರೆ ಕೆಲಸ ಗೊತ್ತಿಲ್ಲದ ನಾನು ಹೋಗಬೇಕಾ, ಇಲ್ಲ ಟಿಕೆಟ್ ದುಡ್ಡನ್ನೇ ಕಳಿಸಬೇಕಾ ಅಂತ ಹೋದ ಸಲ ಕೇಳಿದ್ದೆ. ಬ್ರಿಸ್ಬೇನ್‌ನ ನಮ್ಮ ಚರ್ಚಿನ ತಂಡದ ಜೊತೆ ಹೋಗಿ, ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ದೇಶ ವನುವಾಟುವಿನ ಸ್ಯಾಂಟೋ ದ್ವೀಪದ ಒಂದು ಊರಿನಲ್ಲಿ ಎರಡು ವಾರ ಇದ್ದೆ.

2020ರ ಏಪ್ರಿಲ್‌ನಲ್ಲಿ ಬಂದ ಹೆರಾಲ್ಡ್ ಚಂಡಮಾರುತಕ್ಕೆ ಆ ಊರಿನ ಚರ್ಚಿನ ಚಾವಣಿ ಹಾರಿಹೋಗಿತ್ತು. ಅದಕ್ಕೇ ಈ ಸಲ ಶೀಟಿನ ಕೆಳಗಿನ ಒಂದೊಂದು ಮರವನ್ನೂ ಕಬ್ಬಿಣದ ಪಟ್ಟಿ ಹಾಕಿ ಗೋಡೆಗೆ ಬಿಗಿದರು. ಮೇಸ್ತ್ರಿಗಳು ಊರಿನವರೇ. ನಾನು ಮರಳು ಹೊತ್ತೆ, ಬ್ಲಾಕ್ ಎತ್ತಿಕೊಟ್ಟೆ, ಗೋಡೆಗೆ ನೀರು ಹಾಕಿದೆ. ಬಿಸಿಲಿಗೆ ಕಾಂಕ್ರೀಟ್ ಬೇಗ ಒಣಗಿ ಬಿರುಕು ಬಿಡುತ್ತದೆ ಅಂತ ಬೆಳಗಿನ ಜಾವವೇ ಕಲಸುತ್ತಿದ್ದೆವು.

ಮಲೇರಿಯಾ ಮಾತ್ರೆ, ಸೊಳ್ಳೆಪರದೆ ಒಯ್ಯಿರಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಎರಡೂ ಬೇಕಾದವು.

ಊರಿನ ಹೆಂಗಸರು ಲಪ್‌ಲಪ್ ಮಾಡಿ ಕೊಟ್ಟರು. ತುರಿದ ಕೆಸುವಿನ ಗಡ್ಡೆಗೆ ತೆಂಗಿನ ಹಾಲು ಹಾಕಿ, ಎಲೆಯಲ್ಲಿ ಸುತ್ತಿ, ಕಾದ ಕಲ್ಲಿನಲ್ಲಿ ಬೇಯಿಸುತ್ತಾರೆ. ಮಂಗಳೂರಿನಲ್ಲಿ ಅಮ್ಮ ಮಾಡುವ ಪತ್ರೊಡೆ ನೆನಪಾಗಿ ಕಣ್ಣು ತುಂಬಿತು.

ದುಡ್ಡು ಕಳಿಸಿದ್ದರೆ ಸಿಮೆಂಟ್ ಜಾಸ್ತಿ ಬರುತ್ತಿತ್ತು ಅಲ್ವಾ? ನಿಜ. ಮುಂದಿನ ವರ್ಷ ಟಿಕೆಟ್ ದುಡ್ಡನ್ನು ಮೇಸ್ತ್ರಿಗಳ ಕೂಲಿಗೆ ಕಳಿಸುತ್ತೇನೆ. ಬಡಗಿ ಕೆಲಸ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಹೋಗಿ, ಕಿಟಕಿ ಕೆಲಸ ಇನ್ನೂ ಬಾಕಿ ಇದೆ.