ಅಪ್‌ಡೇಟ್: ಹಾರ್ಡ್‌ವೇರ್ ಡಿಕೋಡಿಂಗ್ ಹಾಕಿದೆ, ಚಿತ್ರ ಕೆಡಲಿಲ್ಲ

ವಿಜಯನಗರದ ಮನೆಯಲ್ಲಿ ಕರೆಂಟ್ ಹೋದಾಗ ಅಮ್ಮ ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಯಕ್ಷಗಾನ ನೋಡ್ತಾರೆ. ಹಾರ್ಡ್‌ವೇರ್ ಡಿಕೋಡಿಂಗ್ (ವಿಡಿಯೊ ಬಿಚ್ಚುವ ಕೆಲಸವನ್ನು ಸಿಪಿಯು ಬದಲು ಗ್ರಾಫಿಕ್ಸ್ ಚಿಪ್‌ಗೆ ಕೊಡೋದು) ಹಾಕಿದರೆ ಚಿತ್ರ ಕೆಡುತ್ತಾ, ಬ್ಯಾಟರಿ ಉಳಿಯುತ್ತಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಎರಡು ವಾರ ಎಂಪಿವಿ ಅನ್ನೋ ವಿಡಿಯೊ ಪ್ಲೇಯರಿನಲ್ಲಿ ಮೂರೂ ವಿಧಾನ ನೋಡಿದೆ: ಬರೀ ಸಿಪಿಯು, ನೇರ ವಿಎಎಪಿಐ (ಲಿನಕ್ಸ್‌ನಲ್ಲಿ ಚಿಪ್‌ನಿಂದ ಡಿಕೋಡ್ ಮಾಡಿಸುವ ದಾರಿ), ವಿಎಎಪಿಐ ಕಾಪಿ.

ಚಿತ್ರದ ಬಗ್ಗೆ ನನ್ನ ಅನುಮಾನ ತಪ್ಪು. ವಿಡಿಯೊ ಫಾರ್ಮ್ಯಾಟ್ ಎಚ್.264, ಎಚ್‌ಇವಿಸಿ, ವಿಪಿ9 ಯಾವುದೇ ಇರಲಿ, ಡಿಕೋಡ್ ಆದ ಪಿಕ್ಸೆಲ್ ಹೇಗಿರಬೇಕು ಅಂತ ಫಾರ್ಮ್ಯಾಟೇ ನಿಗದಿ ಮಾಡಿದೆ. ಚಿಪ್ ಮಾಡಿದರೂ ಸಿಪಿಯು ಮಾಡಿದರೂ ಒಂದೇ. ವ್ಯತ್ಯಾಸ ಬರೋದು ಆಮೇಲೆ, ಬಣ್ಣ ಪರಿವರ್ತನೆ ಮತ್ತು ಸ್ಕೇಲಿಂಗ್‌ನಲ್ಲಿ. ಕಿರೀಟದ ಹಿಂದಿನ ಕಪ್ಪು ಪರದೆ ಬೂದಿ ಎರಚಿದ ಹಾಗೆ ಕಾಣುತ್ತಿತ್ತಲ್ಲ, ಅದು ನಾನೇ ಎಂದೋ ಬದಲಿಸಿದ್ದ ರೇಂಜ್ ಸೆಟ್ಟಿಂಗ್: ಕಪ್ಪಿನಿಂದ ಬಿಳಿವರೆಗೆ 16–235 ಬಳಸುವ ವಿಡಿಯೊ ಪರದೆಯ 0–255ಕ್ಕೆ ಹಿಗ್ಗುತ್ತಿರಲಿಲ್ಲ.

ಕರೆಂಟ್ ಉಳಿಸೋದು ನೇರ ವಿಎಎಪಿಐ. ಅದರ ಕಾಪಿ ವಿಧಾನ ಪ್ರತಿ ಫ್ರೇಮನ್ನೂ ಮತ್ತೆ ರ‍್ಯಾಮ್‌ಗೆ ತರುತ್ತೆ, ಲಾಭ ಅಲ್ಲೇ ಸೋರುತ್ತೆ. ಆದರೆ ಎವಿ1 ಅನ್ನೋ ಹೊಸ ಫಾರ್ಮ್ಯಾಟಿನ ವಿಡಿಯೊ ಬಂದರೆ ಫ್ಯಾನ್ ಮಿಕ್ಸಿ ಥರ ಕೂಗುತ್ತೆ: ನನ್ನದು 8ನೇ ತಲೆಮಾರಿನ ಇಂಟೆಲ್, ಚಿಪ್‌ನಲ್ಲಿ ಎವಿ1 ಡಿಕೋಡರ್ ಬಂದಿದ್ದು 11ನೆಯದರಿಂದ, ಅಷ್ಟೂ ಕೆಲಸ ಸಿಪಿಯು ಮೇಲೆ ಬೀಳುತ್ತೆ. ಹಾಗಾಗಿ ವಿಪಿ9 ಪ್ರತಿಯನ್ನೇ ಆರಿಸ್ತೀನಿ.

ಚಿಪ್ ಎಷ್ಟು ದುಡೀತಿದೆ ಅಂತ ತೋರಿಸುವ ಇಂಟೆಲ್_ಜಿಪಿಯು_ಟಾಪ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ವಿಡಿಯೊ ಸಾಲಿನಲ್ಲಿ ಸೊನ್ನೆ ಕಂಡಾಗಲೇ ಚಿಪ್ ಸುಮ್ಮನೆ ಕೂತಿದೆ ಅಂತ ಗೊತ್ತಾಗಿದ್ದು. ಮೊನ್ನೆ ಅಮ್ಮ ಚಾರ್ಜರ್ ಹುಡುಕದೆ ಇಡೀ ಪ್ರಸಂಗ ನೋಡಿದರು.