ಲಂಡನ್‌: ಭಾನುವಾರ ಒಂದೇ ದಿನದಲ್ಲಿ ಟವರ್ ಆಫ್ ಲಂಡನ್ ಕೋಟೆ, ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚ್, ಬಸವೇಶ್ವರರ ಪ್ರತಿಮೆ?

ಪ್ರಶ್ನೆ: ಭಾನುವಾರ ಈ ಮೂರನ್ನೂ ನೋಡಬಹುದೇ? ಯಾವ ಕ್ರಮ ಒಳ್ಳೆಯದು?

ಉತ್ತರ 1: ವೆಸ್ಟ್‌ಮಿನ್‌ಸ್ಟರ್ ಅಬೆ ಭಾನುವಾರ ಪ್ರಾರ್ಥನೆಗೆ ಮಾತ್ರ, ಪ್ರವಾಸಿಗರಿಗೆ ಪ್ರವೇಶವಿಲ್ಲ. ಅದನ್ನು ಬೇರೆ ದಿನಕ್ಕೆ ಇಡಿ. ಟವರ್ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ನೇರ ವಾಟರ್ಲೂ ಬ್ಲಾಕ್‌ನ ರಾಜಾಭರಣಗಳತ್ತ ನಡೆಯಿರಿ. ತಡವಾದಷ್ಟೂ ಅಲ್ಲಿಯ ಸಾಲು ಉದ್ದವಾಗುತ್ತದೆ. ಕೋಟೆಯ ನಡುವಿನ ವೈಟ್ ಟವರ್ ಆಮೇಲೆ ನೋಡಿದರಾಯಿತು. ಮೆಟ್ಟಿಲು ಕಡಿದಾದ ಸುರುಳಿ, ಮಂಡಿನೋವಿದ್ದವರು ಜೋಪಾನ.

ಉತ್ತರ 2: ಟವರ್ ಹಿಲ್‌ನಿಂದ ಡಿಸ್ಟ್ರಿಕ್ಟ್ ಅಥವಾ ಸರ್ಕಲ್ ಲೈನ್‌ನ ಸುರಂಗ ರೈಲು ಹಿಡಿದು ವೆಸ್ಟ್‌ಮಿನ್‌ಸ್ಟರ್‌ಗೆ ಬನ್ನಿ. ದರ ಕಡಿತದ ಯಂತ್ರಕ್ಕೆ ಹತ್ತುವಾಗ ಫೋನ್, ಇಳಿಯುವಾಗ ಕಾರ್ಡ್ ಎಂದು ಬದಲಿಸಿ ತಾಗಿಸಬೇಡಿ, ಎರಡೂ ಕಡೆ ಒಂದನ್ನೇ ಬಳಸಿ. ಖಾತೆ ಒಂದೇ ಆದರೂ ಯಂತ್ರಕ್ಕೆ ಅವು ಎರಡು ಅಪೂರ್ಣ ಪ್ರಯಾಣ, ಎರಡಕ್ಕೂ ಗರಿಷ್ಠ ದರ ಬೀಳುತ್ತದೆ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ತಿರುಗಿ, ಲ್ಯಾಂಬೆತ್ ಸೇತುವೆ ಹತ್ತದೆ ಅದನ್ನು ಹಿಂದೆ ಬಿಟ್ಟು ನದಿಯಂಚಿನಲ್ಲೇ ಮುಂದೆ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಅಲ್ಲಿದೆ. ಟಿಕೆಟ್ ಬೇಡ. ಕನ್ನಡಿಗರು ತಪ್ಪಿಸಬಾರದ ಜಾಗ.